ಮ್ಯೂನಿಕ್‌ನಿಂದ ರೋಮ್‌ಗೆ, ಅಪ್ಪ ಅಮ್ಮನ ಜೊತೆ ರೈಲಿನಲ್ಲಿ

ಅಪ್ಪ ಅಮ್ಮ ಅರಸೀಕೆರೆಯಿಂದ ಮ್ಯೂನಿಕ್‌ನ ನಮ್ಮ ಮನೆಗೆ ಬಂದು ಹತ್ತು ದಿನ ಆಗಿತ್ತು. ಒಂದು ಸಂಜೆ ಅಮ್ಮ ಹೇಳಿದಳು, "ರೋಮ್ ನೋಡ್ಬೇಕು ಕಣೋ. ಆದ್ರೆ ಮತ್ತೆ ವಿಮಾನ ಮಾತ್ರ ಬೇಡ." ಬೆಂಗಳೂರಿನಿಂದ ಬರುವಾಗ ಅವಳ ಕಾಲು ಊದಿಕೊಂಡಿತ್ತು. ಮಂಡಿ ನೋವು ಮೊದಲೇ ಇತ್ತು. ಅಪ್ಪನಿಗೆ ಈ ಮಾತು ಕೇಳಿ ಖುಷಿಯೋ ಖುಷಿ. ಅವರು 34 ವರ್ಷ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. "ಟೈಂಟೇಬಲ್ ಪ್ರಿಂಟ್ ತೆಗೆದು ಕೊಡು, ನಾನೂ ನೋಡ್ತೀನಿ" ಅಂದರು.

ಆ್ಯಪ್‌ನಲ್ಲಿ ಮ್ಯೂನಿಕ್, ರೋಮ್ ಅಂತ ಹಾಕಿದರೆ ಹತ್ತಾರು ದಾರಿ ತೋರಿಸುತ್ತದೆ. ಮೊದಲೆಲ್ಲ ನಾನು ಅದರಲ್ಲಿ ಎಲ್ಲಕ್ಕಿಂತ ಬೇಗ ತಲುಪಿಸುವುದನ್ನು ಆರಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಗಾಡಿ ಎಲ್ಲಿ ಬದಲಿಸಬೇಕು, ಅಲ್ಲಿ ಎಷ್ಟು ಹೊತ್ತು ಸಿಗುತ್ತದೆ, ಮೊದಲು ಅದನ್ನೇ ನೋಡುತ್ತೇನೆ. ಪ್ರಯಾಣ ಕೆಡುವುದು ಗಾಡಿಯೊಳಗೆ ಅಲ್ಲ, ಗಾಡಿ ಬದಲಿಸುವ ಜಾಗದಲ್ಲಿ.

ಇದು ನನಗೆ ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ. ಈ ಪ್ರಯಾಣಕ್ಕೆ ಎರಡು ವರ್ಷ ಮೊದಲು ನಾನೂ ನನ್ನ ಹೆಂಡತಿಯೂ ಬೇರೊಂದು ದೇಶಕ್ಕೆ ಹೋಗಿದ್ದೆವು. ನಡುವೆ ಒಂದು ಕಡೆ 19 ನಿಮಿಷದಲ್ಲಿ ಗಾಡಿ ಬದಲಿಸಬೇಕಿತ್ತು. ಎರಡೂ ಗಾಡಿಗೆ ಬೇರೆ ಬೇರೆ ಕಡೆ ಅಗ್ಗದ ಟಿಕೆಟ್ ತೆಗೆದಿದ್ದೆ. ಮೊದಲನೆಯದು 40 ನಿಮಿಷ ತಡವಾಯಿತು. ಎರಡನೆಯದು ಹೊರಟೇ ಹೋಗಿತ್ತು. ಆ ಟಿಕೆಟ್ ಬೇರೆ ಗಾಡಿಗೆ ನಡೆಯುವುದಿಲ್ಲ ಅಂದರು. ಕೌಂಟರಿನಲ್ಲಿ ನಿಂತು ಇಬ್ಬರಿಗೂ ಪೂರ್ತಿ ದುಡ್ಡು ಕೊಟ್ಟು ಹೊಸ ಟಿಕೆಟ್ ತೆಗೆದುಕೊಳ್ಳಬೇಕಾಯಿತು.

ನಿಯಮ ಹೀಗಿದೆ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೂ ನಿಮ್ಮನ್ನು ಊರು ಮುಟ್ಟಿಸುವುದು ರೈಲು ಕಂಪನಿಯ ಜವಾಬ್ದಾರಿ. 60 ನಿಮಿಷ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, 120 ನಿಮಿಷ ದಾಟಿದರೆ ಅರ್ಧ ಭಾಗ ವಾಪಸ್ ಕೇಳಬಹುದು. ಯುರೋಪ್ ಒಕ್ಕೂಟದ ಈಗಿನ ನಿಯಮ 2023ರ ಜೂನ್‌ನಿಂದ ಜಾರಿಯಲ್ಲಿದೆ. ಆದರೆ ಎರಡು ಬೇರೆ ಟಿಕೆಟ್ ತೆಗೆದರೆ ಅವು ಎರಡು ಬೇರೆ ಪ್ರಯಾಣ. ಒಂದು ತಡವಾದದ್ದಕ್ಕೆ ಇನ್ನೊಂದರವರು ಹೊಣೆಯಲ್ಲ. ಮ್ಯೂನಿಕ್‌ನಿಂದ ಇಟಲಿಗೆ ಹೋಗುವ ಗಾಡಿಗೂ ಇಟಲಿಯ ಒಳಗಿನ ವೇಗದ ಗಾಡಿಗೂ ಅಗ್ಗದ ದರ ಬೇಕು ಅಂದರೆ ಸಾಮಾನ್ಯವಾಗಿ ಬೇರೆ ಬೇರೆ ಕಡೆಯೇ ತೆಗೆಯಬೇಕಾಗುತ್ತದೆ. ಅದಕ್ಕೇ ಈ ಸಲ ಪೆನ್ನು ಕಾಗದ ಹಿಡಿದು ಕೂತೆ.

ಮೊದಲು ಕಣ್ಣಿಗೆ ಬಿದ್ದದ್ದು ರಾತ್ರಿ ರೈಲು, ನೈಟ್‌ಜೆಟ್. ಮ್ಯೂನಿಕ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ರೋಮ್. ಬದಲಿಸುವ ತಾಪತ್ರಯವೇ ಇಲ್ಲ. ಆದರೆ ಆಲ್ಪ್ಸ್ ದಾಟುವುದೆಲ್ಲ ಕತ್ತಲಲ್ಲಿ. ಅಪ್ಪ ಒಪ್ಪಲಿಲ್ಲ. "ಬೆಟ್ಟ ಹತ್ತೋ ಗಾಡೀಲಿ ಕೂತು ನಿದ್ದೆ ಮಾಡೋದಾ?" ಅಂದರು. ಅದನ್ನು ವಾಪಸ್ ಬರುವ ಪ್ರಯಾಣಕ್ಕೆ ಇಟ್ಟುಕೊಂಡೆವು.

ಎರಡನೆಯದು ಹಗಲು ಗಾಡಿಯಲ್ಲಿ ಒಂದೇ ದಿನಕ್ಕೆ ಹೋಗುವುದು. ಮ್ಯೂನಿಕ್‌ನಿಂದ ಇಟಲಿಯ ಬೊಲೋನಿಯಾವರೆಗೂ ನೇರ ಗಾಡಿ ಇದೆ. ಅಲ್ಲಿ ಇಳಿದು ರೋಮ್‌ನ ವೇಗದ ಗಾಡಿ ಹಿಡಿಯಬೇಕು. ಕಾಗದದ ಮೇಲೆ ಬಹಳ ಚೆಂದ. ಆದರೆ ಬೊಲೋನಿಯಾ ಸ್ಟೇಷನ್ ನಾನು ನೋಡಿದ್ದೆ. ಹಳೆಯ ಪ್ಲಾಟ್‌ಫಾರ್ಮ್‌ಗಳು ನೆಲದ ಮೇಲಿವೆ. ವೇಗದ ಗಾಡಿಗಳು ನಿಲ್ಲುವ 16ರಿಂದ 19ರವರೆಗಿನ ಪ್ಲಾಟ್‌ಫಾರ್ಮ್‌ಗಳು ನೆಲದಡಿ 20 ಮೀಟರಿಗೂ ಹೆಚ್ಚು ಆಳದಲ್ಲಿವೆ. ಒಂದರ ಹಿಂದೆ ಒಂದು ಎಸ್ಕಲೇಟರ್. ಲಿಫ್ಟ್ ಇದೆ, ಆದರೆ ಹುಡುಕಬೇಕು. ನನಗೇ ಹತ್ತು ನಿಮಿಷ ಹಿಡಿದಿತ್ತು. ಎಸ್ಕಲೇಟರ್ ಅಂದರೆ ಅಮ್ಮನಿಗೆ ಭಯ. ಅವಳ ಕೈ ಹಿಡಿದುಕೊಂಡು, ಎರಡು ಸೂಟ್‌ಕೇಸ್ ಎಳೆದುಕೊಂಡು ಅಲ್ಲಿ ಓಡುವುದನ್ನು ನೆನೆಸಿಕೊಂಡೇ ಆ ದಾರಿ ಕೈಬಿಟ್ಟೆ.

ಕೊನೆಗೆ ನಿಂತದ್ದು ಇದು: ಮೊದಲ ದಿನ ಮ್ಯೂನಿಕ್‌ನಿಂದ ಇಟಲಿಯ ವೆರೋನಾ, ಸುಮಾರು ಐದೂವರೆ ಗಂಟೆ. ರಾತ್ರಿ ವೆರೋನಾದಲ್ಲಿ. ಮಾರನೆ ಬೆಳಿಗ್ಗೆ ಅಲ್ಲಿಂದ ರೋಮ್, ಸುಮಾರು ಮೂರು ಗಂಟೆ. ನಡುವೆ ಒಂದು ರಾತ್ರಿ ಬಂದುಬಿಟ್ಟರೆ ಮೊದಲ ಗಾಡಿ ಎಷ್ಟು ತಡವಾದರೂ ಎರಡನೆಯದಕ್ಕೆ ಏನೂ ಆಗುವುದಿಲ್ಲ. ಧೈರ್ಯವಾಗಿ ಎರಡಕ್ಕೂ ಅಗ್ಗದ ಟಿಕೆಟ್ ತೆಗೆದೆ. ಟಿಕೆಟ್‌ನಲ್ಲಿ ಉಳಿದ ದುಡ್ಡು ಹೋಟೆಲಿಗೆ ಹೆಚ್ಚುಕಡಿಮೆ ಸರಿಹೋಯಿತು.

ಪಾಸ್ ತೆಗೆಯಬಹುದಲ್ವಾ ಅಂತ ಸ್ನೇಹಿತರು ಕೇಳಿದರು. ಯುರೋಪಿನಲ್ಲಿ ವಾಸ ಇರುವ ನಮ್ಮಂಥವರಿಗೆ ಇಂಟರ್‌ರೈಲ್, ಭಾರತದಿಂದ ಬಂದವರಿಗೆ ಯೂರೇಲ್. ಒಂದೇ ಮನೆಯವರಾದರೂ ಬೇರೆ ಬೇರೆ ಪಾಸ್. ಅದರ ಮೇಲೆ ಇಟಲಿಯ ವೇಗದ ಗಾಡಿಗಳಲ್ಲಿ ಸೀಟಿಗೆ ಮತ್ತೆ ದುಡ್ಡು ಕೊಡಬೇಕು. ಊರೂರು ಸುತ್ತುವವರಿಗೆ ಪಾಸ್ ಒಳ್ಳೆಯದು. ಹೋಗಿ ಬರುವುದಕ್ಕೆ ಬೇಡ.

ಬುಕ್ ಮಾಡುವ ಮೊದಲು ಮೂರು ವಿಷಯ ನೋಡಿಕೊಂಡೆ. ಯುರೋಪಿನ ರೈಲುಗಳ ಹೊಸ ಟೈಂಟೇಬಲ್ ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರದ ಕೊನೆ ಹೊತ್ತಿಗೆ ಜಾರಿಗೆ ಬರುತ್ತದೆ. ಅದರ ಆಚೆಯ ದಿನಾಂಕಕ್ಕೆ ಹುಡುಕಿ ಗಾಡಿ ಕಾಣದಿದ್ದರೆ ಗಾಬರಿ ಬೇಡ, ಬುಕಿಂಗ್ ಇನ್ನೂ ತೆರೆದಿರುವುದಿಲ್ಲ ಅಷ್ಟೆ. ಎರಡನೆಯದು ಹಳಿ ಕೆಲಸ. ಆಲ್ಪ್ಸ್ ದಾಟಿ ಇಟಲಿಗೆ ಹೋಗುವ ಬ್ರೆನ್ನರ್ ದಾರಿಯಲ್ಲಿ ಆಗಾಗ ಒಂದಷ್ಟು ದೂರ ಗಾಡಿ ನಿಲ್ಲಿಸಿ ಬಸ್ ಬಿಡುತ್ತಾರೆ. ನಮ್ಮ ತಾರೀಕಿಗೆ ಅದು ಇಲ್ಲ ಅಂತ ಖಚಿತ ಮಾಡಿಕೊಂಡೆ. ಮೂರನೆಯದು ಇಟಲಿಯ ಮುಷ್ಕರ. ಅದಕ್ಕೆ ಅಲ್ಲಿ ಶೋಪೆರೊ ಅನ್ನುತ್ತಾರೆ. ಯಾವ ದಿನ ಅಂತ ಮುಂಚೆಯೇ ತಿಳಿಸಿರುತ್ತಾರೆ, ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ನಾನು ಮೊದಲು ಅಂದುಕೊಂಡಿದ್ದು ಶುಕ್ರವಾರ. ಆ ದಿನ ಮುಷ್ಕರ ಇತ್ತು. ಬುಧವಾರಕ್ಕೆ ಬದಲಿಸಿದೆ.

ಊರಿನ ಹೆಸರಿನಲ್ಲೂ ಹುಷಾರಾಗಿರಬೇಕು. ಇಟಲಿಯವರು ಮ್ಯೂನಿಕ್‌ಗೆ ಮೊನಾಕೊ ಅನ್ನುತ್ತಾರೆ! ಸಮುದ್ರದ ದಡದ ಪುಟ್ಟ ದೇಶ ಮೊನಾಕೊ ಬೇರೆ, ಇದು ಬೇರೆ. ಟಿಕೆಟ್ ಹುಡುಕುವಾಗ ಮೊನಾಕೊ ಡಿ ಬವಿಯೆರಾ ಅಂತ ಇದ್ದರೆ ಅದು ನಮ್ಮ ಮ್ಯೂನಿಕ್. ವೆರೋನಾದಲ್ಲಿ ಇಳಿಯಬೇಕಾದ್ದು ಪೋರ್ಟಾ ನುವೋವಾ. ರೋಮ್‌ನಲ್ಲಿ ಟರ್ಮಿನಿ, ತಿಬುರ್ತೀನಾ ಅಂತ ಎರಡು ದೊಡ್ಡ ಸ್ಟೇಷನ್ ಇವೆ. ಹೋಟೆಲ್ ಟರ್ಮಿನಿ ಹತ್ತಿರ ಹಿಡಿದೆ.

ಸೀಟಿನ ವಿಷಯ ಅಪ್ಪನಿಗೆ ಬಿಡಿಸಿ ಹೇಳಬೇಕಾಯಿತು. ಜರ್ಮನಿ, ಆಸ್ಟ್ರಿಯಾ ಗಾಡಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದೂ ನಿಂತುಕೊಂಡು ಹೋಗುವವರಿದ್ದಾರೆ. ಸೀಟು ಕಾಯ್ದಿರಿಸಲು ಕೆಲವೇ ಯೂರೋ. ವಯಸ್ಸಾದವರು ಜೊತೆಯಲ್ಲಿದ್ದರೆ ಅದನ್ನು ಬಿಡಲೇಬಾರದು. ನಡುವೆ ಮೇಜು ಇರುವ ನಾಲ್ಕು ಸೀಟು ಹಿಡಿದೆ. ಇಟಲಿಯ ವೇಗದ ಗಾಡಿ ಫ್ರೆಚ್ಚಾರೊಸ್ಸಾದಲ್ಲಿ ಸೀಟು ಟಿಕೆಟ್‌ನಲ್ಲೇ ಸೇರಿರುತ್ತದೆ.

ಇನ್ನೊಂದು ಸಣ್ಣ ನಿರ್ಧಾರ. ನಮ್ಮ ಮನೆಗೆ ಹತ್ತಿರದ್ದು ಮ್ಯೂನಿಕ್ ಪೂರ್ವ ಸ್ಟೇಷನ್. ಇಟಲಿಯ ಗಾಡಿ ಅಲ್ಲೂ ನಿಲ್ಲುತ್ತದೆ, ಆದರೆ ಎರಡೇ ನಿಮಿಷ. ಅದಕ್ಕೆ ಹಿಂದಕ್ಕೆ ಮುಖ್ಯ ಸ್ಟೇಷನ್‌ಗೇ ಹೋಗಿ, ಗಾಡಿ ಹೊರಡುವ ಜಾಗದಲ್ಲೇ ಹತ್ತಿದೆವು. ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಬಿಟ್ಟು ಮೆಜೆಸ್ಟಿಕ್‌ನಲ್ಲೇ ಹತ್ತೋಣ ಅಂತ ಅಪ್ಪ ಹೇಳುತ್ತಿದ್ದರಲ್ಲ, ಹಾಗೆ. ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ ಅಂತ ಗುರುತು ಇರುತ್ತದೆ. ನಮ್ಮ ಬೋಗಿ ಯಾವ ಗುರುತಿನ ಹತ್ತಿರ ಬರುತ್ತದೆ ಅಂತ ಬೋರ್ಡಿನಲ್ಲಿ ನೋಡಿ ಅಲ್ಲೇ ನಿಂತೆವು. ಅಮ್ಮ ನಿಧಾನವಾಗಿ ಹತ್ತಿದಳು. ಸೂಟ್‌ಕೇಸ್ ಇಡಲು ಜಾಗವೂ ಸಿಕ್ಕಿತು.

ಅಮ್ಮ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡಿದ್ದಳು. ಮನೆ ಊಟ ಗಾಡಿಯಲ್ಲಿ ತಿನ್ನಲು ಯಾರ ಅಡ್ಡಿಯೂ ಇಲ್ಲ. ಅಪ್ಪನಿಗೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಹೇಳಿದೆ. ನಡುವಿನ ಸ್ಟೇಷನ್‌ಗಳಲ್ಲಿ ಟೀಗೆ ಅಂತ ಇಳಿಯಬಾರದು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಓಡಿ ಬಂದು ಹತ್ತುವ ಹಾಗಿಲ್ಲ.

ಇನ್ಸ್‌ಬ್ರುಕ್ ಅನ್ನುವ ಆಸ್ಟ್ರಿಯಾದ ಊರು ದಾಟಿದ ಮೇಲೆ ಅಪ್ಪ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬ್ರೆನ್ನರ್ ಕಣಿವೆಯ ಈ ಹಳಿ 1867ರಲ್ಲಿ ಶುರುವಾದದ್ದು. ಹಲ್ಲಿನ ಚಕ್ರ ಕಚ್ಚಿಕೊಂಡು ಹತ್ತುವ ಹಲ್ಲುಹಳಿ ಇಲ್ಲದೆ, ಬರೀ ತಿರುವು ಸುತ್ತುಗಳಲ್ಲಿ 1,371 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಅತಿ ಕಡಿದಾದ ಕಡೆ ನಲವತ್ತು ಮೀಟರಿಗೆ ಒಂದು ಮೀಟರ್ ಏರು ಅಂತ ನಾನು ಓದಿ ಹೇಳಿದೆ. "ನಮ್ಮ ಸಕಲೇಶಪುರ ಘಾಟಿ ಐವತ್ತಕ್ಕೆ ಒಂದು. ಇದು ಅದಕ್ಕಿಂತ ಕಷ್ಟದ್ದು" ಅಂದರು ಅಪ್ಪ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿಲೋಮೀಟರ್, 57 ಸುರಂಗ ಅವರಿಗೆ ಬಾಯಿಪಾಠ. ಈಗ ಬ್ರೆನ್ನರ್ ಬೆಟ್ಟದ ಬುಡದಲ್ಲೇ ಹೊಸ ಸುರಂಗ ಕೊರೆಯುತ್ತಿದ್ದಾರೆ, ಅದೂ 55 ಕಿಲೋಮೀಟರ್ ಅಂತ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಡೀ ಘಾಟಿ ಒಂದೇ ಸುರಂಗದಲ್ಲಿ" ಅಂತ ತಮಗೆ ತಾವೇ ಹೇಳಿಕೊಂಡರು.

ಗಡಿಯ ಬ್ರೆನ್ನರ್ ಸ್ಟೇಷನ್‌ನಲ್ಲಿ ಗಾಡಿ ಜಾಸ್ತಿ ಹೊತ್ತು ನಿಂತಿತು. ಅಲ್ಲಿ ಹಳಿಯ ಮೇಲಿನ ತಂತಿಯ ವಿದ್ಯುತ್ ಬದಲಾಗುತ್ತದೆ: ಆಸ್ಟ್ರಿಯಾ ಕಡೆ 15,000 ವೋಲ್ಟ್ ಎಸಿ, ಇಟಲಿ ಕಡೆ 3,000 ವೋಲ್ಟ್ ಡಿಸಿ. ಜರ್ಮನಿಯಲ್ಲಿ ಬಲಗಡೆ ಹಳಿಯಲ್ಲಿ ಬಂದವರು, ಇಟಲಿಯಲ್ಲಿ ಎಡಗಡೆ. ಇದನ್ನು ಮೊದಲು ಗಮನಿಸಿದ್ದು ಅಪ್ಪ. "ನೋಡು, ಈಗ ನಮ್ಮೂರ ಥರ ಹೋಗ್ತಿದೆ." ಆಮೇಲೆ ಇಳಿಜಾರು. ಸ್ಟೇಷನ್‌ಗಳ ಹೆಸರು ಎರಡೆರಡು, ಒಂದು ಇಟಾಲಿಯನ್, ಒಂದು ಜರ್ಮನ್. ಬೊಲ್ಝಾನೊ ಹತ್ತಿರ ಬಂದಂತೆ ದ್ರಾಕ್ಷಿ ತೋಟ, ಅದು ಮುಗಿದ ಮೇಲೆ ಸೇಬಿನ ತೋಟ. ಅಮ್ಮ ಅಲ್ಲಿಯೇ ಪುಳಿಯೋಗರೆ ಡಬ್ಬಿ ತೆಗೆದಳು.

ವೆರೋನಾಕ್ಕೆ 50 ನಿಮಿಷ ತಡವಾಗಿ ತಲುಪಿದೆವು. ಅದೇ ದಿನ ಮುಂದಿನ ಗಾಡಿ ಇಟ್ಟುಕೊಂಡಿದ್ದರೆ ತಪ್ಪುತ್ತಿತ್ತು. ನಾವು ಆರಾಮಾಗಿ ಹೋಟೆಲಿಗೆ ಹೋಗಿ ಸ್ನಾನ ಮಾಡಿ, ಸಂಜೆ ಅರೆನಾ ನೋಡಿದೆವು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಕಟ್ಟಿದ ಕಲ್ಲಿನ ರಂಗಮಂದಿರ ಅದು. ಅಮ್ಮ ಅದರ ಎದುರಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದಳು.

ಮಾರನೆ ಬೆಳಿಗ್ಗೆ ಸ್ಟೇಷನ್ ಬೋರ್ಡಿನಲ್ಲಿ ರೋಮ್ ಅಂತ ಹುಡುಕಿದರೆ ಕಾಣಲಿಲ್ಲ. ನಮ್ಮ ಗಾಡಿ ರೋಮ್ ದಾಟಿ ನೇಪಲ್ಸ್‌ಗೆ ಹೋಗುವಂಥದ್ದು. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ಊರು. ಆದ್ದರಿಂದ ಟಿಕೆಟ್‌ನಲ್ಲಿರುವ ಗಾಡಿ ನಂಬರ್ ನೋಡಬೇಕು. ಪ್ಲಾಟ್‌ಫಾರ್ಮ್‌ಗೆ ಅಲ್ಲಿ ಬಿನಾರಿಯೊ ಅನ್ನುತ್ತಾರೆ, ಅದರ ನಂಬರ್ ಹೊರಡುವುದಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ನಾನು ಅವರನ್ನು ಲಿಫ್ಟ್ ಹತ್ತಿರವೇ ಕೂರಿಸಿ, ನಂಬರ್ ಬಂದ ತಕ್ಷಣ ಕರೆದೆ.

ಬೊಲೋನಿಯಾದಿಂದ ಫ್ಲಾರೆನ್ಸ್‌ವರೆಗೆ ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ಆ 78 ಕಿಲೋಮೀಟರಿನಲ್ಲಿ 70ಕ್ಕೂ ಹೆಚ್ಚು ಕಿಲೋಮೀಟರ್ ಸುರಂಗದಲ್ಲೇ. ಫ್ಲಾರೆನ್ಸ್‌ನಲ್ಲಿ ಹಳಿ ಮುಗಿದುಹೋಗುತ್ತದೆ, ಗಾಡಿ ಬಂದ ದಿಕ್ಕಿನಲ್ಲೇ ವಾಪಸ್ ಹೊರಡುತ್ತದೆ. ಮುಂದಕ್ಕೆ ಮುಖ ಮಾಡಿ ಕೂತವರು ಅಲ್ಲಿಂದ ಹಿಂದಕ್ಕೆ ಮುಖ ಮಾಡಿರುತ್ತಾರೆ. ಹಾಗೆ ಕೂತರೆ ಅಮ್ಮನಿಗೆ ತಲೆ ಸುತ್ತುತ್ತದೆ. ಇದು ಗೊತ್ತಿದ್ದದ್ದರಿಂದ ಎದುರುಬದುರು ಸೀಟು ತೆಗೆದಿದ್ದೆ. ಅಲ್ಲಿ ಅಮ್ಮನೂ ನಾನೂ ಜಾಗ ಬದಲಿಸಿಕೊಂಡೆವು.

ವಾಪಸ್ ಬಂದದ್ದು ರಾತ್ರಿ ರೈಲಿನಲ್ಲಿ. ನಾಲ್ಕು ಬರ್ತ್‌ನ ಕೂಪೆ ಪೂರ್ತಿ ನಮ್ಮದೇ. ಹೊದಿಕೆ, ದಿಂಬು, ಬೆಳಿಗ್ಗೆ ಬ್ರೆಡ್ಡು ಕಾಫಿ ಎಲ್ಲ ಅದರಲ್ಲೇ ಸೇರಿತ್ತು. ಪಾಸ್‌ಪೋರ್ಟ್‌ಗಳನ್ನು ಸೂಟ್‌ಕೇಸಿಗೆ ಹಾಕದೆ ಅಮ್ಮನ ಕೈಚೀಲದಲ್ಲೇ ಇಟ್ಟಿದ್ದೆ. ಒಂದೇ ವೀಸಾ ನಡೆಯುವ ಶೆಂಗೆನ್ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲ ಅನ್ನುತ್ತಾರೆ, ಆದರೆ 2015ರಿಂದ ಆಸ್ಟ್ರಿಯಾದಿಂದ ಬರುವ ಗಾಡಿಗಳನ್ನು ಜರ್ಮನ್ ಪೊಲೀಸರು ತಪಾಸಣೆ ಮಾಡುತ್ತಾರೆ. ಬೆಳಿಗ್ಗೆ ಬಾಗಿಲು ತಟ್ಟಿದರು, ವೀಸಾ ನೋಡಿದರು, ನಮಸ್ಕಾರ ಹೇಳಿ ಹೋದರು. ಎರಡು ನಿಮಿಷದ ಕೆಲಸ.

ಮನೆಗೆ ಬಂದ ಮೇಲೆ ಅಪ್ಪ ಆ ಟೈಂಟೇಬಲ್ ಹಾಳೆ ನನ್ನ ಕೈಗೆ ಕೊಟ್ಟರು. ಪ್ರತಿ ಸ್ಟೇಷನ್ ಎದುರಿಗೂ ಗಾಡಿ ನಿಜವಾಗಿ ಬಂದ ಹೊತ್ತು, ಹೊರಟ ಹೊತ್ತು ಪೆನ್ಸಿಲ್‌ನಲ್ಲಿ ಬರೆದಿದ್ದರು. 50 ನಿಮಿಷದ ತಡ ಶುರುವಾದದ್ದು ಎಲ್ಲಿ ಅಂತ ಅದರಲ್ಲಿ ಗುರುತು ಹಾಕಿತ್ತು. "ಮುಂದಿನ ಸಲ ಬುಕ್ ಮಾಡೋವಾಗ ಇದನ್ನ ನೋಡ್ಕೋ" ಅಂದರು.