ಓದಿದ್ದು ನೆನಪಿನಲ್ಲಿ ಉಳಿಯಬೇಕಾದರೆ ಪುಸ್ತಕ ಮುಚ್ಚಿ

ಒಂದೇ ಪಾಠವನ್ನು ಮೂರು ನಾಲ್ಕು ಸಲ ಓದಿದಾಗ ಸಾಲುಗಳೆಲ್ಲ ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ನಾವು ನೆನಪೆಂದು ತಿಳಿದು ನೆಮ್ಮದಿಪಡುತ್ತೇವೆ. ಆದರೆ ಕಣ್ಣೆದುರು ಇರುವುದನ್ನು ಗುರುತಿಸುವುದು ಬೇರೆ, ಇಲ್ಲದಿರುವುದನ್ನು ಒಳಗಿನಿಂದ ಹೊರತೆಗೆಯುವುದು ಬೇರೆ. ಮೆದುಳು ನೆನಪನ್ನು ಕಟ್ಟುವ ಬಗೆಯನ್ನು ಅರಿತರೆ ಓದುವ ಕ್ರಮವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

1953ರಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಮೆದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆಯಲಾಯಿತು. ಆಮೇಲೂ ಅವರ ಮಾತು, ಬುದ್ಧಿ, ಬಾಲ್ಯದ ನೆನಪುಗಳು ಉಳಿದಿದ್ದವು. ಹೊಸದಾಗಿ ಕಂಡವರನ್ನು ಮಾತ್ರ ಸ್ವಲ್ಪ ಹೊತ್ತಿನಲ್ಲೇ ಮರೆಯುತ್ತಿದ್ದರು. ಹೊಸ ಅನುಭವ ಬಾಳುವ ನೆನಪಾಗಲು ಹಿಪೊಕ್ಯಾಂಪಸ್ ಬೇಕು, ಹಳೆಯ ನೆನಪುಗಳ ನೆಲೆ ಬಹುಮಟ್ಟಿಗೆ ಮೆದುಳಿನ ಹೊರಪದರದಲ್ಲಿದೆ ಎಂಬ ತಿಳಿವಳಿಕೆ ಬಲಗೊಂಡದ್ದು ಹೀಗೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸದಲ್ಲಿ ಅವರ ಕೈ ದಿನೇ ದಿನೇ ಪಳಗಿತು, ಹಿಂದಿನ ದಿನ ಅದನ್ನು ಮಾಡಿದ್ದು ಮಾತ್ರ ನೆನಪಿರುತ್ತಿರಲಿಲ್ಲ. ಕೈಗೆ ಕೂಡಿಬರುವ ಕೌಶಲದ ದಾರಿಯೇ ಬೇರೆ ಎಂದಾಯಿತು. ಆದ್ದರಿಂದ ಇಲ್ಲಿ ಹೇಳುವುದು ಓದಿನ ನೆನಪಿನ ಬಗ್ಗೆ, ಸೈಕಲ್ ಕಲಿಯುವಂಥ ಕೌಶಲದ ಬಗ್ಗೆ ಅಲ್ಲ.

ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. ಹಾಗಾಗಿ ಒಂದೆರಡು ಪುಟ ಓದಿ ನಿಲ್ಲಿಸಿ. ಪಕ್ಕದಲ್ಲಿ ಮೊಬೈಲ್ ಇರಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗಮನ ಹರಿಯದ ಕಡೆ ನೆನಪು ಮೂಡುವುದೇ ಅಪರೂಪ.

ಈಗ ಪುಸ್ತಕ ಮುಚ್ಚಿ, ಓದಿದ್ದನ್ನು ಖಾಲಿ ಹಾಳೆಯ ಮೇಲೆ ನಿಮ್ಮ ಮಾತಿನಲ್ಲೇ ಬರೆಯಿರಿ. ಇದೇ ಮುಖ್ಯ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಒಂದು ನೆನಪನ್ನು ಹೊರತೆಗೆದಾಗ ಅದಕ್ಕೆ ಸಂಬಂಧಿಸಿದ ನರಕೋಶಗಳು ಮತ್ತೆ ಒಟ್ಟಿಗೆ ಚುರುಕಾಗುತ್ತವೆ, ಒಟ್ಟಿಗೆ ಚುರುಕಾದ ಕೋಶಗಳ ನಡುವಿನ ಬೆಸುಗೆ ಬಲಗೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ಬಳಿಕ ನೋಡಿದರೆ, ನೆನಪಿನಿಂದ ಬರೆಯುವ ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದ್ದರು. ಬರೆಯುವಾಗ ತಡವರಿಸಿದರೆ ಬೇಸರಪಡಬೇಡಿ, ನೆನಪಿಸಿಕೊಳ್ಳಲು ಪಡುವ ಶ್ರಮವೇ ಕೆಲಸ ಮಾಡುತ್ತಿರುತ್ತದೆ. ಬರೆದು ಮುಗಿದ ಮೇಲೆ ಪುಸ್ತಕ ತೆರೆದು ಹೋಲಿಸಿ, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಬಣ್ಣದಲ್ಲಿ ತಿದ್ದಿ. ಹಾಗೆ ತಿದ್ದದಿದ್ದರೆ ತಪ್ಪೇ ಬೇರೂರುವ ಅಪಾಯವಿದೆ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು, 1885ರಲ್ಲಿ ಪ್ರಕಟಿಸಿದರು. ನೆನಪು ಮೊದಲ ಕೆಲವು ಗಂಟೆಗಳಲ್ಲಿ ಕಡಿದಾಗಿ ಇಳಿದು ಆಮೇಲೆ ಆ ಇಳಿತ ನಿಧಾನವಾಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಅರ್ಥವಿರುವ ಪಾಠ ಅಷ್ಟು ಬೇಗ ಅಳಿಸದಿದ್ದರೂ ಇಳಿಜಾರಿನ ಆಕಾರ ಹೆಚ್ಚುಕಡಿಮೆ ಅದೇ. ಆದ್ದರಿಂದ ಮೊದಲ ಮರುಸ್ಮರಣೆ ಮರುದಿನವೇ ಆಗಲಿ, ಮುಂದಿನವು ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಎಂದು ದೂರವಾಗುತ್ತ ಹೋಗಲಿ. ಈ ಅಂತರಗಳೇನೂ ಕಲ್ಲಿನ ಮೇಲೆ ಕೆತ್ತಿದ ಲೆಕ್ಕವಲ್ಲ. ಪೂರ್ತಿ ಮರೆಯುವ ಮೊದಲು, ಸ್ವಲ್ಪ ಮಸುಕಾದ ಮೇಲೆ ಎಂಬುದೇ ಅಳತೆ.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದು ಈ ಕ್ರಮಕ್ಕೆ ತೀರ ವಿರುದ್ಧ. ಗಾಢ ನಿದ್ರೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಚಟುವಟಿಕೆಯ ಮಾದರಿಗಳನ್ನು ಮತ್ತೆ ನಡೆಸುತ್ತದೆ, ನೆನಪು ಹೊರಪದರದಲ್ಲಿ ನೆಲೆಗೊಳ್ಳಲು ಅದು ನೆರವಾಗುತ್ತದೆ. ಓದನ್ನು ಹೊತ್ತಿಗೆ ಸರಿಯಾಗಿ ಮುಗಿಸಿ ಮಲಗಿ. ಬೆಳಿಗ್ಗೆ ಪುಸ್ತಕ ಮುಟ್ಟುವ ಮೊದಲು ಇನ್ನೊಂದು ಖಾಲಿ ಹಾಳೆ ತೆಗೆದುಕೊಂಡು, ನಿನ್ನೆ ಬೇರೆ ಬಣ್ಣದಲ್ಲಿ ತಿದ್ದಿದ್ದರಿಂದಲೇ ಬರೆಯಲು ಶುರುಮಾಡಿ.