ಜೋಡಿ ಗಾಯಕರ ಅಕೌಸ್ಟಿಕ್ ಆಲ್ಬಮ್ ಕೇಳೋದು ಹೇಗೆ?

ಜಾನಪದ ಧಾಟಿಯ ಜೋಡಿಯೊಂದರ ಅಕೌಸ್ಟಿಕ್, ಅಂದರೆ ಎಲೆಕ್ಟ್ರಿಕ್ ವಾದ್ಯಗಳಿಲ್ಲದ, ಆಲ್ಬಮ್ ಸಿಕ್ಕರೆ ಮೊದಲೇ ವಿಮರ್ಶೆ ಓದಬೇಡಿ, ಸುಮ್ನೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ಸ್ ಇಲ್ಲದ ಕಡೆ ಸಣ್ಣ ಸದ್ದೂ ಕಿವಿಗೆ ಬೀಳುತ್ತೆ: ತಂತಿಯ ಮೇಲೆ ಬೆರಳು ಜಾರುವುದು, ಸಾಲು ಶುರುವಾಗುವ ಮುಂಚೆ ಇಬ್ಬರೂ ಒಟ್ಟಿಗೆ ಎಳೆದುಕೊಳ್ಳುವ ಉಸಿರು. ಎರಡನೇ ಸಲ ಮೇಲಿನ ದನಿ ಬಿಟ್ಟು ಕೆಳಗಿನದನ್ನೇ ಹಿಡಿದು ಹೋಗಿ. ಕಷ್ಟ, ಆದರೆ ಮಜಾ ಇರೋದು ಅಲ್ಲೇ.

ಜನ ಏನಂದರು ಅನ್ನೋದನ್ನ ಆಮೇಲೆ ನೋಡಿ, ಪೂರ್ತಿ ನಂಬಬೇಡಿ. ಅಮೆರಿಕದ ಗಾಯಕರಾದ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿಯ ಮೊದಲ ಆಲ್ಬಮ್ 1964ರಲ್ಲಿ ಬಂದಾಗ ಹೆಚ್ಚಿನವರು ಕ್ಯಾರೇ ಅನ್ನಲಿಲ್ಲ. 1965ರಲ್ಲಿ ನಿರ್ಮಾಪಕ ಟಾಮ್ ವಿಲ್ಸನ್ ಅದರದೇ ಒಂದು ಹಾಡಿಗೆ ('ದ ಸೌಂಡ್ ಆಫ್ ಸೈಲೆನ್ಸ್'), ಇವರಿಬ್ಬರಿಗೂ ಹೇಳದೆ, ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದರು. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್! ಆ ಹಾಡಿನ ಹಳೆಯ, ಹೊಸ ರೂಪ ಎರಡನ್ನೂ ಒಂದರ ಹಿಂದೊಂದು ಕೇಳಿ. ನನಗೆ ಮಾತ್ರ ಹಳೆಯದೇ ಜಾಸ್ತಿ ಇಷ್ಟ.