ಪರಿಸರ ಸಮಾಜಶಾಸ್ತ್ರ, ಸಂಪನ್ಮೂಲ ಸಮಾಜಶಾಸ್ತ್ರ: ಒಂದೇ ಅಧ್ಯಯನದಲ್ಲಿ ಎರಡನ್ನೂ ಬಳಸುವ ಬಗೆ

ಕಾಡು, ಕೆರೆ, ಗೋಮಾಳಗಳ ಬಗ್ಗೆ ಸಂಶೋಧನೆಗೆ ಹೊರಟವರು ಈ ಎರಡು ಶಾಖೆಗಳ ಹುಟ್ಟನ್ನು ಮೊದಲು ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ನೈಸರ್ಗಿಕ ಸಂಪನ್ಮೂಲಗಳ ಸಮಾಜಶಾಸ್ತ್ರವು ಗ್ರಾಮೀಣ ಸಮಾಜಶಾಸ್ತ್ರದ ಒಡಲಲ್ಲಿ, ಅರಣ್ಯ ಮತ್ತು ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆಗಳ ಅಗತ್ಯಕ್ಕೆ ಹತ್ತಿರವಾಗಿ ಬೆಳೆದದ್ದರಿಂದ ಅದರ ಗಮನ ಊರು, ಬಳಕೆದಾರರು ಮತ್ತು ನಿರ್ವಹಣೆಯ ಮೇಲಿದೆ. ಪರಿಸರ ಸಮಾಜಶಾಸ್ತ್ರವಾದರೋ ಪರಿಸರ ಚಳವಳಿಯ ಬೆನ್ನಿಗೆ ಬಂದದ್ದು. ಮನುಷ್ಯ ಸಮಾಜವು ಪ್ರಕೃತಿಯ ಮಿತಿಗಳಿಗೆ ಹೊರತೆಂಬ ನಂಬಿಕೆಯನ್ನು 1978ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ವಿಲಿಯಂ ಕ್ಯಾಟನ್ ಮತ್ತು ರೈಲಿ ಡನ್‌ಲಪ್ ಪ್ರಶ್ನಿಸಿದರು. 1980ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಅಲನ್ ಶ್ನೈಬರ್ಗ್, ಪರಿಸರ ಹಾನಿಗೆ ಕಾರಣವೆಂದು ನಿಲ್ಲದೆ ಹಿಗ್ಗುವ ಉತ್ಪಾದನೆಯ ಕಡೆಗೇ ಬೆರಳು ತೋರಿದರು.

ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಿದ್ಧಾಂತದಿಂದ ಶುರುಮಾಡುತ್ತಾರೆ. ನೆಲದಿಂದ ಶುರುಮಾಡುವುದು ಮೇಲು. ಕರ್ನಾಟಕ ಪಲ್ಪ್‌ವುಡ್ಸ್ ಪ್ರಕರಣವನ್ನೇ ತೆಗೆದುಕೊಳ್ಳಿ. 1984ರಲ್ಲಿ ರಾಜ್ಯ ಸರ್ಕಾರವು ಮರದಿಂದ ನಾರಿನ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಸ್ಥಾಪಿಸಿದ ಈ ಕಂಪನಿಗೆ, ಕಾರ್ಖಾನೆಗೆ ಬೇಕಾದ ನೀಲಗಿರಿಯಂತಹ ಮರಗಳನ್ನು ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಸಿ ಅಂಡ್ ಡಿ ಜಮೀನು (ಊರಿನವರು ಮೇವು, ಸೌದೆಗೆ ಬಳಸುತ್ತಿದ್ದ ಸರ್ಕಾರಿ ಭೂಮಿ) ಗೊತ್ತುಪಡಿಸಲಾಯಿತು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು.

ಇಂತಹ ಕಡೆ ಮೊದಲ ಸುತ್ತಿನ ಸಂದರ್ಶನವನ್ನು ಸಂಪನ್ಮೂಲದ ಪ್ರಶ್ನೆಗಳಿಗೇ ಮೀಸಲಿಡಿ: ಸೌದೆ, ಮೇವು, ಸೊಪ್ಪು ಯಾರು ತರುತ್ತಿದ್ದರು, ದಾಖಲೆಯಲ್ಲಿಲ್ಲದ ಯಾವ ವಾಡಿಕೆಗಳು ನಡೆಯುತ್ತಿದ್ದವು, ಜಮೀನಿಲ್ಲದವರಿಗೂ ಕುರಿಗಾಹಿಗಳಿಗೂ ಆದ ನಷ್ಟ ಒಂದೇ ಬಗೆಯದೇ? ಪಂಚಾಯಿತಿ ಸದಸ್ಯರೊಬ್ಬರ ಮಾತನ್ನು ಇಡೀ ಊರಿನ ಮಾತೆಂದು ಬರೆದುಕೊಳ್ಳುವವರು ಈ ಹಂತದಲ್ಲೇ ಎಡವುತ್ತಾರೆ. ಎರಡನೆಯ ಸುತ್ತಿನಲ್ಲಿ ಕಡಿದ ಮರದ ಜಾಡು ಹಿಡಿದು ಊರಿನಿಂದಾಚೆ ಹೋಗಿ, ಅದು ಸೇರುವ ಕಾರ್ಖಾನೆ, ತಯಾರಾಗುವ ನಾರಿನ ತಿರುಳು, ತ್ಯಾಜ್ಯ ಸೇರುವ ತುಂಗಭದ್ರಾ ನದಿ, ಮರದ ಬೆಲೆ ನಿಗದಿಯಾಗುವ ರೀತಿ ಇವುಗಳನ್ನು ಪರಿಸರ ಸಮಾಜಶಾಸ್ತ್ರದ ಪ್ರಶ್ನೆಗಳಿಂದ ಪರಿಶೀಲಿಸಬೇಕು.

ಈ ಎರಡು ಸುತ್ತುಗಳ ತೀರ್ಮಾನಗಳು ಹೊಂದದಿದ್ದರೆ, ಹೊಂದಿಸಲು ಹೋಗಬೇಡಿ. ನಿರ್ವಹಣೆಯನ್ನು ಊರಿನವರಿಗೆ ಒಪ್ಪಿಸಿದರೆ ಸಾಕೆಂದು ಮೊದಲ ಸುತ್ತನ್ನು ಆಧರಿಸಿದ ಅಧ್ಯಾಯ ಹೇಳಬಹುದು, ಕಾರ್ಖಾನೆಯ ಬೇಡಿಕೆ ಇಳಿಯದೆ ಏನೂ ಬದಲಾಗದೆಂದು ಎರಡನೆಯ ಸುತ್ತಿನದು ಹೇಳಬಹುದು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ನಿರ್ಧರಿಸಿದ್ದನ್ನು ಮೊದಲನೆಯ ಅಧ್ಯಾಯವು ಹೋರಾಟದ ಗೆಲುವೆಂದು ದಾಖಲಿಸಲಿ. ಆಮೇಲೆ ಕಾರ್ಖಾನೆಗೆ ಮರ ಯಾರ ಹೊಲದಿಂದ ಬಂತು ಎಂಬ ಪ್ರಶ್ನೆಯಿಂದ ಎರಡನೆಯದನ್ನು ಆರಂಭಿಸಿ.